ಪೆನ್ಸಿಲಿನಲ್ಲಿ ಬರೆದ ಹೆಸರು

ಮನಸ್ಸಿನ ಕಾಯಿಲೆಗಳ ಅಧ್ಯಯನದಲ್ಲಿ ಹೊಸ ಔಷಧಿ ಕಂಡುಹಿಡಿದವರಿದ್ದಾರೆ, ಹೊಸ ರೋಗಕ್ಕೆ ಹೆಸರಿಟ್ಟವರಿದ್ದಾರೆ, ದಪ್ಪ ಗ್ರಂಥಗಳನ್ನು ಬರೆದು ಸಭೆಯಿಂದ ಸಭೆಗೆ ಓಡಾಡಿದವರೂ ಇದ್ದಾರೆ. ಮೂವತ್ತನಾಲ್ಕು ವರ್ಷಗಳ ಸೇವೆಯ ನಂತರ ಈ ತಿಂಗಳ ಕೊನೆಯ ದಿನ ನಮ್ಮ ಆಸ್ಪತ್ರೆಯಿಂದ ನಿವೃತ್ತರಾಗುತ್ತಿರುವ ಡಾಕ್ಟರಮ್ಮ ಇವುಗಳಲ್ಲಿ ಯಾವುದನ್ನೂ ಮಾಡಲಿಲ್ಲ. ಯಾವುದನ್ನು ಕಾಯಿಲೆ ಎನ್ನಬೇಕು, ಯಾವುದನ್ನು ಎನ್ನಬಾರದು, ಹಾಗೆ ಹೇಳುವುದಕ್ಕೆ ಎಷ್ಟು ಕಾಲ ನೋಡಿರಬೇಕು, ಹೇಳಿದ ಮೇಲೆ ಆ ಮನುಷ್ಯನಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳು ಈ ಶಾಸ್ತ್ರದ ಹೊಸ್ತಿಲಲ್ಲೇ ಇವೆ. ಹೆಚ್ಚಿನವರು ಓದುವ ಮೊದಲ ವರ್ಷದಲ್ಲೇ ಅವನ್ನು ದಾಟಿ ಒಳಗೆ ಹೋಗಿಬಿಡುತ್ತಾರೆ. ಡಾಕ್ಟರಮ್ಮ ತಮ್ಮ ಸೇವೆಯುದ್ದಕ್ಕೂ ಆ ಹೊಸ್ತಿಲಲ್ಲೇ ನಿಂತು, ಒಳಗೆ ಬರುವ ಪ್ರತಿಯೊಬ್ಬರ ವಿಷಯದಲ್ಲೂ ಅದೇ ಪ್ರಶ್ನೆಗಳನ್ನು ಹೊಸದಾಗಿ ಕೇಳಿದರು.

ಅವರ ಗೌರವಕ್ಕಾಗಿ ಹೊರತರುತ್ತಿರುವ ಈ ಗ್ರಂಥದಲ್ಲಿ ಅವರ ಸಹೋದ್ಯೋಗಿ ವೈದ್ಯರು ಅವರ ವಿದ್ವತ್ತಿನ ಬಗ್ಗೆ ಬರೆದಿದ್ದಾರೆ. ದಾಖಲೆ ಕೋಣೆಯ ಗುಮಾಸ್ತನಿಂದಲೂ ಒಂದು ಲೇಖನ ಇರಲಿ ಎಂದು ಸಂಪಾದಕರು ಕೇಳಿದಾಗ ಅವನು ಮೂರು ಸಲ ಆಗುವುದಿಲ್ಲವೆಂದ. ನಾಲ್ಕನೆಯ ಸಲ ಒಪ್ಪಿಕೊಂಡದ್ದು, ಎಲ್ಲಾದರೂ ಒಂದು ಕಡೆ ಅಚ್ಚಾಗಿ ಉಳಿಯಬೇಕಾದ ತಪ್ಪೊಂದು ಅವನ ಹತ್ತಿರ ಇತ್ತೆಂಬ ಕಾರಣಕ್ಕೆ. ಇದನ್ನು ಬರೆಯುತ್ತಿರುವವನೇ ಆ ಗುಮಾಸ್ತ. 'ನಾನು' ಎಂದು ಬರೆಯಲು ಕುಳಿತಾಗಲೆಲ್ಲ ಆ ತಪ್ಪು ತಾನಾಗಿಯೇ ಚಿಕ್ಕದಾಗುತ್ತ ಹೋದದ್ದರಿಂದ ಇಲ್ಲಿ ಅವನನ್ನು ಗುಮಾಸ್ತನೆಂದೇ ಕರೆದಿದೆ. ಇದು ಸರಿಯಾದ ಪದ್ಧತಿಯಲ್ಲದಿದ್ದರೆ ಓದುವವರು ಕ್ಷಮಿಸಬೇಕು.

ಡಾಕ್ಟರಮ್ಮ ಕೆಲಸಕ್ಕೆ ಸೇರಿದಾಗ ಆಸ್ಪತ್ರೆಗೆ ಇದ್ದದ್ದು ಎರಡು ವಾರ್ಡು, ಎರಡಕ್ಕೂ ಕಬ್ಬಿಣದ ಬಾಗಿಲು. ಹೊಸಬರೆಂದು ಅವರಿಗೆ ಹೆಂಗಸರ ವಾರ್ಡನ್ನು ವಹಿಸಿದರು. ಹಳಬರಿಗೆ ಅಲ್ಲಿಗೆ ಹೋಗಲು ಮನಸ್ಸಿರಲಿಲ್ಲ ಎಂಬುದು ನಿಜವಾದ ಕಾರಣವೆಂದು ಆ ವಾರ್ಡಿನ ಆಯಾ ಈಗಲೂ ಹೇಳುತ್ತಾರೆ. ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿ ಇದ್ದರು. ಮಗಳು ಬಂದರೆ ಗುರುತು ಹಿಡಿಯುವುದಿಲ್ಲ, ತಟ್ಟೆಯಲ್ಲಿ ಏನಿದೆಯೆಂದರೆ ಹೇಳುವುದಿಲ್ಲ, ಯಾರು ಕರೆದರೂ ಗೋಡೆಯ ಕಡೆಗೇ ಮುಖ. ಒಬ್ಬರಾದ ಮೇಲೊಬ್ಬರಂತೆ ಮೂವರು ವೈದ್ಯರು ಅವರ ಹಾಳೆಯಲ್ಲಿ ಬುದ್ಧಿ ಸವೆಯುವ ಕಾಯಿಲೆಯೆಂದು ಬರೆದಿದ್ದರು. ಡಾಕ್ಟರಮ್ಮ ಹದಿನೈದು ದಿನ ದಿನಾಲೂ ಹೋಗಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಸುಮ್ಮನೆ ಕುಳಿತರು. ಹದಿನಾರನೆಯ ದಿನ ಅಜ್ಜಿಯೇ ಮಾತನಾಡಿಸಿದರಂತೆ.

"ಯಾರಮ್ಮ ನೀನು? ದಿನಾ ಬಂದು ಕೂತ್ಕೋತೀಯ. ಹೊಗೆ ಥರ ಕಾಣ್ತೀಯ."

"ಕನ್ನಡಕ ಹಾಕ್ಕೋತಿದ್ರಾ ಅಜ್ಜಿ?"

"ಹಾಕ್ಕೋತಿದ್ದೆ. ಬಂದ ದಿನಾನೇ ಕಿತ್ಕೊಂಡ್ರಲ್ಲ. ಗಾಜು ಒಡೆದು ಕೈ ಕುಯ್ಕೋತೀಯ ಅಂದ್ರು."

ಉಗ್ರಾಣದ ಒಂದು ಡಬ್ಬಿಯಲ್ಲಿ ಹದಿನಾಲ್ಕು ತಿಂಗಳು ಬಿದ್ದಿದ್ದ ಆ ಕನ್ನಡಕವನ್ನು ಹುಡುಕಿ, ತೊಳೆದು, ಅಜ್ಜಿಯ ಮೂಗಿನ ಮೇಲೆ ಕೂರಿಸಿದರು. ಮುಂದಿನ ಭಾನುವಾರ ಮಗಳು ಬಂದಾಗ ಅಜ್ಜಿ ಆಡಿದ ಮೊದಲ ಮಾತು, "ಎಷ್ಟು ದಪ್ಪ ಆಗಿದ್ದೀಯೇ" ಎಂದು. ಅಜ್ಜಿಯ ದುಃಖವೇನೂ ಕನ್ನಡಕದಿಂದ ಕರಗಲಿಲ್ಲ. ಅದಕ್ಕೆ ಬೇರೆ ಕಾರಣಗಳಿದ್ದವು, ಬೇರೆ ಚಿಕಿತ್ಸೆಯೂ ನಡೆಯಿತು. ಆದರೆ ಮನಸ್ಸಿಗೆ ಹೆಸರಿಡುವ ಮೊದಲು ಕಣ್ಣು ಕಿವಿ ನೋಡಬೇಕೆಂಬುದು ಅಂದಿನಿಂದ ಆ ವಾರ್ಡಿನ ನಿಯಮವಾಯಿತು. ಡಾಕ್ಟರಮ್ಮನ ಇನ್ನೊಂದು ಪದ್ಧತಿ ಶುರುವಾದದ್ದೂ ಆಗಲೇ. ರೋಗಿ ಹೇಳಿದ್ದನ್ನು ಅವರು ರೋಗಿಯ ಮಾತಿನಲ್ಲೇ, ಶಾಯಿಯಲ್ಲಿ ಬರೆಯುತ್ತಿದ್ದರು. ಕಣ್ಣಾರೆ ಕಂಡದ್ದನ್ನೂ ಶಾಯಿಯಲ್ಲೇ. ರೋಗದ ಹೆಸರನ್ನು ಮಾತ್ರ ಪೆನ್ಸಿಲಿನಲ್ಲಿ, ತೆಳುವಾಗಿ, ಬಹಳ ಸಲ ಒಂದು ಪ್ರಶ್ನಾರ್ಥಕ ಚಿಹ್ನೆಯ ಜೊತೆಗೆ. ಏಕೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ದೊಡ್ಡವರ ಒಂದು ಖಯಾಲಿ ಎಂದುಕೊಂಡು ಎಲ್ಲರೂ ಸುಮ್ಮನಿದ್ದರು.

ಗುಮಾಸ್ತ ಆಸ್ಪತ್ರೆಗೆ ಸೇರಿದ್ದು ಡಾಕ್ಟರಮ್ಮನ ಸೇವೆಯ ಹನ್ನೆರಡನೆಯ ವರ್ಷ. ದಾಖಲೆ ಕೋಣೆ ನೆಲಮಾಳಿಗೆಯಲ್ಲಿತ್ತು. ಮೇಲ್ಭಾಗದ ಉದ್ದನೆಯ ಕಿಟಕಿಯಿಂದ ರಸ್ತೆಯಲ್ಲಿ ನಡೆಯುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಮಾಡಿದ ಕೆಲಸವನ್ನು ಮತ್ತೆ ಮತ್ತೆ ನೋಡುವ ಅಭ್ಯಾಸ ಅವನಿಗೆ. ಬೀಗ ಹಾಕಿ ಮೆಟ್ಟಿಲು ಹತ್ತಿದವನು ಬೀಗ ಜಗ್ಗಿ ನೋಡಲು ವಾಪಸು ಇಳಿಯುತ್ತಿದ್ದ. ಔಷಧಿ ಕೊಡುವ ಕಾಂಪೌಂಡರ್ ಅವನಿಗೆ ಮೊದಲ ತಿಂಗಳಲ್ಲೇ 'ಇನ್ನೊಂದ್ಸಲ' ಎಂದು ಹೆಸರಿಟ್ಟಿದ್ದರು. "ಏನು ಇನ್ನೊಂದ್ಸಲ, ಬೀಗ ಇದೆಯಾ ಓಡೋಯ್ತಾ?" ಎಂಬುದು ಅವರ ದಿನನಿತ್ಯದ ಕುಶಲಪ್ರಶ್ನೆ.

ಡಾಕ್ಟರಮ್ಮ ವಾರಕ್ಕೆ ಎರಡು ಸಂಜೆ, ಐದೂವರೆಯಿಂದ ಏಳರವರೆಗೆ, ಬಟ್ಟೆ ಮಡಿಸುವ ಕೋಣೆಯಲ್ಲಿ ಪಾಠ ಮಾಡುತ್ತಿದ್ದರು. ಮನೋರೋಗಗಳ ಅಧ್ಯಯನದ ಮೂಲ ಪರಿಕಲ್ಪನೆಗಳು ಎಂದು ಅದಕ್ಕೆ ಹೆಸರು. ಕೊನೆಯಲ್ಲಿ ಪರೀಕ್ಷೆ, ಒಂದು ಪ್ರಮಾಣಪತ್ರ. ನರ್ಸುಗಳು, ಆಯಾ, ಇಬ್ಬರು ಶಾಲಾ ಶಿಕ್ಷಕಿಯರು, ಒಬ್ಬ ಪೊಲೀಸ್ ಪೇದೆ ಬರುತ್ತಿದ್ದರು. ಗುಮಾಸ್ತ ಕೊನೆಯ ಬೆಂಚಿನಲ್ಲಿ, ಒಗೆದ ಹೊದಿಕೆಗಳ ರಾಶಿಗೆ ಒತ್ತಿಕೊಂಡು ಕೂರುತ್ತಿದ್ದ. ಮೊದಲ ಪಾಠ ಅವನಿಗೆ ಇನ್ನೂ ಬಾಯಿಪಾಠವಿದೆ.

"ಒಬ್ಬ ಮನುಷ್ಯ ದಿನಕ್ಕೆ ನಲವತ್ತು ಸಲ ಕೈ ತೊಳೀತಾನೆ. ಕಾಯಿಲೆನಾ?" ಎಂದು ಡಾಕ್ಟರಮ್ಮ ಕೇಳಿದರು.

"ಕಾಯಿಲೆನೇ," ಎಂದಿತು ಇಡೀ ತರಗತಿ.

"ಅವನು ಆಪರೇಷನ್ ಮಾಡೋ ಡಾಕ್ಟರು."

"ಹಾಗಾದ್ರೆ ಅಲ್ಲ."

"ರಜಾ ದಿನಾನೂ ತೊಳೀತಾನೆ. ಚರ್ಮ ಬಿರುಕು ಬಿಟ್ಟು ರಕ್ತ ಬರ್ತಿದೆ. ಮಗೂನ ಎತ್ಕೊಳ್ಳೋಕೆ ಹೆದರ್ತಾನೆ."

ಪೇದೆ ಕೈ ಎತ್ತಿ, "ಮೇಡಂ, ನೀವು ಸಾಕ್ಷಿ ತಿರುಗಿಸ್ತಾ ಇದ್ದೀರಿ" ಎಂದ. ಎಲ್ಲರೂ ನಕ್ಕರು, ಡಾಕ್ಟರಮ್ಮನೂ ನಕ್ಕರು. ಆಮೇಲೆ ಕಪ್ಪು ಹಲಗೆಯ ಮೇಲೆ ಏನನ್ನೂ ಬರೆಯದೆ ವಿವರಿಸಿದರು: ವಿಚಿತ್ರವಾಗಿರುವುದೆಲ್ಲ ರೋಗವಲ್ಲ, ಅಪರೂಪವಾದದ್ದೆಲ್ಲ ರೋಗವಲ್ಲ, ದುಃಖವೂ ತಾನಾಗಿ ರೋಗವಲ್ಲ, ಎಷ್ಟು ದಿನದಿಂದ ಇದೆ, ಆ ಮನುಷ್ಯನಿಗೆ ಎಷ್ಟು ನೋವಾಗುತ್ತಿದೆ, ಯಾವ ಕೆಲಸ ಯಾವ ಸಂಬಂಧ ಅದರಿಂದ ಕೆಡುತ್ತಿದೆ, ಅವನ ಮನೆಯಲ್ಲಿ ಅವನ ಕಸುಬಿನಲ್ಲಿ ಯಾವುದು ಸಹಜವೆನಿಸಿಕೊಳ್ಳುತ್ತದೆ ಎಂದು ಕೇಳಿ ತಿಳಿಯುವವರೆಗೆ ನಮ್ಮ ಹತ್ತಿರ ಇರುವುದು ಬರೀ ಊಹೆ. ಇನ್ನೊಂದು ಸಂಜೆ ಅವರು ಹೇಳಿದ ಮಾತನ್ನು ಗುಮಾಸ್ತ ಪುಸ್ತಕದಲ್ಲಿ ಎರಡು ಗೆರೆ ಎಳೆದು ಬರೆದುಕೊಂಡ. "ಅವನು ಯಾಕೆ ಒಬ್ಬನೇ ಮಾತಾಡ್ತಾನೆ? ಅವನಿಗೆ ಆ ಕಾಯಿಲೆ ಇದೆ. ಕಾಯಿಲೆ ಇದೆ ಅಂತ ಹೇಗೆ ಗೊತ್ತಾಯ್ತು? ಒಬ್ಬನೇ ಮಾತಾಡ್ತಾನಲ್ಲ! ನೋಡಿ, ಗಾಣ ಸುತ್ತಿದ ಹಾಗೆ ಸುತ್ತಿದ್ವಿ, ಎಣ್ಣೆ ಮಾತ್ರ ಬರಲಿಲ್ಲ."

ಆ ವರ್ಷದ ಪರೀಕ್ಷೆಯಲ್ಲಿ ಗುಮಾಸ್ತ ನಪಾಸಾದ. ಪ್ರತಿಯೊಂದು ಉತ್ತರದಲ್ಲೂ ಎರಡು ಕಡೆಯ ವಾದವನ್ನು ಬರೆದು, ಕೊನೆಗೆ ತನಗೆ ನಿಶ್ಚಯವಿಲ್ಲವೆಂದು ಮುಗಿಸಿದ್ದ. ಡಾಕ್ಟರಮ್ಮ ಅವನನ್ನು ಕರೆಸಿ, ಉತ್ತರಪತ್ರಿಕೆಯನ್ನು ಪಕ್ಕದಲ್ಲಿ ಕುಳಿತು ಪುಟ ಪುಟವಾಗಿ ಓದಿ, "ಇಷ್ಟೊಂದು ಅನುಮಾನ ಈ ವಿಷಯಕ್ಕೆ ದೋಷ ಅಲ್ಲಪ್ಪ, ಪರೀಕ್ಷೆಗೆ ದೋಷ. ಬರೋ ವರ್ಷ ಅರ್ಧ ಮನೇಲಿಟ್ಟು ಬನ್ನಿ" ಎಂದರು. ಬಡ್ತಿ, ವೇತನ ಯಾವುದಕ್ಕೂ ಸಂಬಂಧವಿಲ್ಲದ ಆ ಪರೀಕ್ಷೆಗಾಗಿ ಒಬ್ಬ ಹಿರಿಯ ವೈದ್ಯೆ ಒಬ್ಬ ಗುಮಾಸ್ತನ ಪಕ್ಕದಲ್ಲಿ ಮುಕ್ಕಾಲು ಗಂಟೆ ಕುಳಿತದ್ದನ್ನು ಅವನು ಮರೆತಿಲ್ಲ. ಆದರೆ ಅವರ ಮಾತಿನ ಅರ್ಥ ಅವನಿಗೆ ಆಗ ಪೂರ್ತಿ ತಿಳಿದಿರಲಿಲ್ಲ. ತನ್ನ ಅನುಮಾನಗಳಿಂದ ತಾನೇ ಬೇಸತ್ತಿದ್ದವನು, ಕಲಿತವರಿಗೆ ಅನುಮಾನವೇ ಇರುವುದಿಲ್ಲವೆಂದು, ಇರಬಾರದೆಂದು ನಂಬಿದ್ದ. ತಪ್ಪು ಹುಟ್ಟಿದ್ದು ಅಲ್ಲಿಂದ.

ಮುಂದಿನ ವರ್ಷ ಡಾಕ್ಟರಮ್ಮ ಎರಡು ತಿಂಗಳು ದೂರದ ಆಸ್ಪತ್ರೆಯೊಂದಕ್ಕೆ ಪಾಠ ಹೇಳಲು ಹೋಗಿದ್ದರು. ಆಗಲೇ ಕೇಂದ್ರ ಕಚೇರಿಯಿಂದ ಆದೇಶ ಬಂತು: ಎಲ್ಲ ರೋಗಿಗಳ ಹಾಳೆಗಳನ್ನೂ ನಕಲು ಯಂತ್ರದಲ್ಲಿ ತೆಗೆದು ಕಳುಹಿಸಬೇಕು, ಯಾವ ಕಾಲಮ್ಮೂ ಖಾಲಿ ಇರಬಾರದು. ಗುಮಾಸ್ತ ಮೊದಲ ಹತ್ತು ಹಾಳೆ ತೆಗೆದು ನೋಡಿದ. ಯಂತ್ರಕ್ಕೆ ಪೆನ್ಸಿಲು ಕಾಣಿಸಿರಲಿಲ್ಲ. ಡಾಕ್ಟರಮ್ಮನ ಹಾಳೆಗಳಲ್ಲೆಲ್ಲ 'ರೋಗದ ಹೆಸರು' ಎಂಬ ಕಾಲಮ್ಮು ಬೋಳು ಬೋಳಾಗಿತ್ತು. ಅವರ ಮೇಲೆ ದೂರು ಬರುತ್ತದೆಂದು ಅವನು ಹೆದರಿದ. ಮೂರು ವಾರ ಮಧ್ಯಾಹ್ನದ ಊಟದ ಹೊತ್ತನ್ನು ಬಿಟ್ಟುಕೊಟ್ಟು, ಮುತ್ತಿನಂಥ ಅಕ್ಷರದಲ್ಲಿ, ಆರುನೂರ ಹನ್ನೆರಡು ಹಾಳೆಗಳ ಪೆನ್ಸಿಲಿನ ಮೇಲೆ ಕಪ್ಪು ಶಾಯಿಯಲ್ಲಿ ತಿದ್ದಿದ. ಹೆಸರುಗಳು ಪಾಠದಲ್ಲಿ ಬಂದವೇ ಆದ್ದರಿಂದ ಎಲ್ಲೂ ಎಡವಲಿಲ್ಲ. ಪ್ರಶ್ನಾರ್ಥಕ ಚಿಹ್ನೆ ಇದ್ದ ಕಡೆ ಅದನ್ನು ರಬ್ಬರಿನಿಂದ ಒರೆಸಿಬಿಟ್ಟ. ಡಾಕ್ಟರಮ್ಮನಿಗೇ ಗೊತ್ತಿರಲಿಲ್ಲವೆಂದು ಮೇಲಿನವರು ಆಡಿಕೊಳ್ಳಬಾರದೆಂಬುದೊಂದೇ ಅವನ ಉದ್ದೇಶ. ಎಲ್ಲವನ್ನೂ ಅಭ್ಯಾಸದಂತೆ ಇನ್ನೊಂದು ಸಲ ನೋಡಿ, ನಕಲು ತೆಗೆದು, ಕಳುಹಿಸಿದ. ಆ ದಿನ ತಾನು ಅವರ ಋಣದಲ್ಲಿ ಒಂದು ತುಣುಕನ್ನಾದರೂ ತೀರಿಸಿದೆನೆಂಬ ಹೆಮ್ಮೆಯಲ್ಲಿ ಮನೆಗೆ ನಡೆದುಕೊಂಡು ಹೋದ.

ಐದು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನೆಲಮಾಳಿಗೆಯ ಮೆಟ್ಟಿಲಿನಲ್ಲಿ ಒಬ್ಬ ಹೆಂಗಸು ಇಳಿದು ಬಂದಳು. ಹಿಂದೆ ಎತ್ತರದ, ಬಾಗಿದ ಬೆನ್ನಿನ ಒಬ್ಬ ಗಂಡಸು. ಹೆಂಗಸು ಮೇಜಿನ ಮೇಲೆ ಒಂದು ಕಾಗದವನ್ನು ಬಡಿದು ಇಟ್ಟಳು.

"ನನ್ನ ತಮ್ಮನಿಗೆ ಈ ಕಾಯಿಲೆ ಇದೆ ಅಂತ ಬರೆದೋರು ಯಾರು? ಅವರನ್ನ ಕರೀರಿ. ಮುಖ ನೋಡಬೇಕು ನಾನು."

"ಅಕ್ಕ, ಮೆಲ್ಲಗೆ," ಎಂದ ತಮ್ಮ.

"ನೀನು ಬಾಯಿ ಮುಚ್ಚು. ಮೆಲ್ಲಗೆ ಮೆಲ್ಲಗೆ ಅಂದೇ ಗೇಟಿಗೆ ಬಂದು ಕೂತಿದ್ದೀಯ."

ತಮ್ಮ ಬಂದರಿನಲ್ಲಿ ಕ್ರೇನು ನಡೆಸುವವನು. ನಿದ್ದೆ ಬರುವುದಿಲ್ಲವೆಂದು ನಾಲ್ಕು ತಿಂಗಳ ಹಿಂದೆ ಅಕ್ಕನೇ ಅವನನ್ನು ಡಾಕ್ಟರಮ್ಮನ ಹತ್ತಿರ ಕರೆತಂದಿದ್ದಳು. ಭಾರೀ ಯಂತ್ರ ನಡೆಸುವವರಿಗೆ ಕೆಲವು ಕಾಯಿಲೆಗಳಿದ್ದರೆ ಮಾಲೀಕರಿಗೆ ತಿಳಿಸಬೇಕೆಂಬ ನಿಯಮವಿತ್ತು. ಕೇಂದ್ರ ಕಚೇರಿಯವರು ನಕಲನ್ನು ನೋಡಿ ಬಂದರಿಗೆ ತಿಳಿಸಿದ್ದರು. ಮೂವತ್ತು ಮೀಟರ್ ಎತ್ತರದಲ್ಲಿ ಕುಳಿತು ಹಡಗಿನ ಸರಕನ್ನು ಮೊಟ್ಟೆ ಇಟ್ಟಷ್ಟು ನಯವಾಗಿ ಇಳಿಸುತ್ತಿದ್ದವನನ್ನು ಕೆಳಗಿಳಿಸಿ, ಗೇಟಿನ ಪಕ್ಕ ಒಂದು ಕುರ್ಚಿ ಕೊಟ್ಟು, ಬಂದುಹೋಗುವ ಲಾರಿಗಳನ್ನು ಎಣಿಸಲು ಹಚ್ಚಿದ್ದರು. ಜೊತೆಯವರು ಅವನ ಪಕ್ಕ ಊಟಕ್ಕೆ ಕೂರುವುದನ್ನು ಬಿಟ್ಟಿದ್ದರು.

ಗುಮಾಸ್ತ ಹಾಳೆಯನ್ನು ಹುಡುಕಿ ತೆಗೆದ. ಮೇಲೆ ಡಾಕ್ಟರಮ್ಮನ ನೀಲಿ ಶಾಯಿಯಲ್ಲಿ ಕ್ರೇನಿನವನ ಮಾತು ಇತ್ತು: 'ಕೆಳಗೆ ನಿಂತು ಕೈ ತೋರಿಸುತ್ತಿದ್ದ ನನ್ನ ಜೋಡಿ ಹೋದ ವರ್ಷ ತೀರಿಕೊಂಡ. ಕ್ಯಾಬಿನಿನಲ್ಲಿ ಕೂತಾಗ ಒಮ್ಮೊಮ್ಮೆ ಅವನ ದನಿ ಕೇಳಿಸುತ್ತದೆ.' ಅದರ ಕೆಳಗೆ, ಮನಸ್ಸು ಒಡೆದು ಚೂರಾಗುವ ದೊಡ್ಡ ಕಾಯಿಲೆಯ ಹೆಸರು, ಮುತ್ತಿನಂಥ ಕಪ್ಪು ಅಕ್ಷರದಲ್ಲಿ. ಕೆಳಗಡೆ ಡಾಕ್ಟರಮ್ಮನ ಸಹಿ. ಆ ಕ್ಷಣ ಅವನು ಬಾಯಿ ಬಿಡದಿದ್ದರೆ ಅಕ್ಕನ ಸಿಟ್ಟೆಲ್ಲ ಆ ಸಹಿಯ ಮೇಲೆ ಹೋಗುತ್ತಿತ್ತು. ಅವನು ಬಾಯಿ ಬಿಡಲಿಲ್ಲ. ಡಾಕ್ಟರಮ್ಮ ಸೋಮವಾರ ಬರುತ್ತಾರೆ ಎಂದಷ್ಟೇ ಹೇಳಿದ. ಈ ಲೇಖನದಲ್ಲಿ ಬರೆಯಲು ಅತಿ ಕಷ್ಟವಾದ ವಾಕ್ಯ ಇದು.

ಸೋಮವಾರ ಬೆಳಿಗ್ಗೆ ಎಂಟಕ್ಕೇ ಅವನು ಅವರ ಕೋಣೆಯ ಮುಂದೆ ನಿಂತಿದ್ದ. ಡಾಕ್ಟರಮ್ಮ ಕೋಟನ್ನು ಇನ್ನೂ ತೆಗೆದಿರಲಿಲ್ಲ. ಅವನು ಹಾಳೆಯನ್ನು ಮುಂದಿಟ್ಟು, ನಾಲ್ಕು ದಿನದಿಂದ ಕಂಠಪಾಠ ಮಾಡಿದ್ದ ಮಾತನ್ನೆಲ್ಲ ಮರೆತು, "ನಾನೇ ಬರೆದೆ" ಎಂದ. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು.

"ಇದರ ಪಕ್ಕ ಪ್ರಶ್ನಾರ್ಥಕ ಇತ್ತು. ಎಲ್ಲೋಯ್ತು?"

"ಒರೆಸಿದೆ ಮೇಡಂ."

"ಎಷ್ಟು ಹಾಳೆ?"

"ಆರುನೂರ ಹನ್ನೆರಡು."

ಅವರು ಹಾಳೆಯನ್ನು ಮೇಜಿನ ಮೇಲಿಟ್ಟು, ಕೋಟು ತೆಗೆದು ಮೊಳೆಗೆ ಹಾಕಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಆಮೇಲೆ ಎದುರಿನ ಕುರ್ಚಿ ತೋರಿಸಿ, "ಇದು ನಿಮ್ಮ ತಪ್ಪು," ಎಂದರು. "ಚಿಕ್ಕದಲ್ಲ. ಪೆನ್ಸಿಲು ಯಾಕೆ ಅಂತ ಇಷ್ಟು ವರ್ಷ ಯಾರಿಗೂ ಹೇಳದೇ ಇದ್ದದ್ದು ನನ್ನ ತಪ್ಪು. ಅದೂ ಚಿಕ್ಕದಲ್ಲ. ಎರಡನ್ನೂ ಬೆರೆಸೋದು ಬೇಡ. ಬೇರೆ ಬೇರೆ ಬರೆಯೋಣ." ಹಾಗೆಯೇ ಬರೆದರು. ಒಂದೇ ಪತ್ರದಲ್ಲಿ ಎರಡು ಪ್ಯಾರಾ, ಎರಡು ಸಹಿ.

ಆಸ್ಪತ್ರೆಯ ಮೇಲ್ವಿಚಾರಕರು ಆ ಪತ್ರವನ್ನು ಕೇಂದ್ರ ಕಚೇರಿಗೆ ಕಳುಹಿಸಲು ಒಪ್ಪಲಿಲ್ಲ. ಅವರೂ ಕೆಟ್ಟವರಲ್ಲ, ಆಸ್ಪತ್ರೆಯ ಹೆಸರು ಕೆಡದಂತೆ, ಕ್ರೇನಿನವನಿಗೆ ಬೇಗ ಕೆಲಸ ಸಿಗುವಂತೆ ಒಂದು ದಾರಿ ಹುಡುಕಿದ್ದರು.

"ಇಷ್ಟಕ್ಕೆಲ್ಲ ಊರು ಸುತ್ತಬೇಕಾ ಡಾಕ್ಟರಮ್ಮ? ಚಿಕಿತ್ಸೆಯಿಂದ ಪೂರ್ತಿ ಗುಣವಾಗಿದೆ ಅಂತ ಒಂದು ಪ್ರಮಾಣಪತ್ರ ಕೊಡಿ. ನಾಳೇನೇ ಕ್ರೇನು ಹತ್ತುತಾನೆ. ಇವನ ಕೆಲಸಾನೂ ಉಳಿಯುತ್ತೆ."

ಕೊನೆಯ ಮಾತು ಗುಮಾಸ್ತನ ಕಡೆ ಕೈ ತೋರಿಸಿ ಆಡಿದ್ದು. ಡಾಕ್ಟರಮ್ಮ ಒಪ್ಪಲಿ ಎಂದು ಅವನು ಮನಸ್ಸಿನಲ್ಲೇ ಕೈಮುಗಿದದ್ದು ನಿಜ.

"ಗುಣವಾಗಿದೆ ಅಂತ ಬರೆದ್ರೆ, ಇತ್ತು ಅಂತ ಒಪ್ಪಿಕೊಂಡ ಹಾಗೆ ಸಾರ್," ಎಂದರು ಡಾಕ್ಟರಮ್ಮ. "ಗುಣವಾದೋನಿಗೆ ಮತ್ತೆ ಬರಬಹುದು ಅಂತ ಪ್ರತಿ ವರ್ಷ ಕೆಳಗಿಳಿಸಿ ನೋಡ್ತಾರೆ. ಸಾಯೋ ತನಕ ಅದು ಅವನ ಬೆನ್ನು ಬಿಡಲ್ಲ."

"ಹಾಗಾದ್ರೆ ಇಲ್ಲವೇ ಇಲ್ಲ ಅಂತ ಬರೆಯಿರಿ."

"ಅದೂ ನನಗಿನ್ನೂ ಗೊತ್ತಿಲ್ಲ. ಪ್ರಶ್ನೆ ಹಾಕಿದ್ದು ಗೊತ್ತಿಲ್ಲದ್ದಕ್ಕೇ. ಮೊದಲು ಅದನ್ನ ಪೂರ್ತಿ ಕೇಳಬೇಕು."

ಮೇಲ್ವಿಚಾರಕರು ಕೊನೆಗೆ ಮಣಿದರು, ಪತ್ರ ಹೋಯಿತು. ಡಾಕ್ಟರಮ್ಮನಿಗೆ ಎಚ್ಚರಿಕೆಯ ಟಿಪ್ಪಣಿಯೊಂದು ಬಂತು, ಗುಮಾಸ್ತನಿಗೆ ಎರಡು ವರ್ಷ ಬಡ್ತಿ ನಿಂತಿತು. ಆ ದಿನ ಮೇಲ್ವಿಚಾರಕರ ಕೋಣೆಯಿಂದ ಹೊರಗೆ ಬರುವಾಗ ಅವನು, "ಮೇಡಂ, ಅವನಿಗೆ ಕಾಯಿಲೆ ಇರಲಾರದು ಅಲ್ವಾ?" ಎಂದು ಕೇಳಿದ. "ಇರಬಾರದು ಅಂತ ನಿಮಗೂ ಆಸೆ, ನನಗೂ ಆಸೆ. ಆಸೆ ಪರೀಕ್ಷೆ ಅಲ್ಲ. ಇದ್ರೆ, ಕ್ರೇನು ಹತ್ತಿಸಿದ್ರೆ, ಕೆಳಗೆ ನಿಂತೋರು ಸಾಯ್ತಾರೆ," ಎಂದು ಹೇಳಿ ಅವರು ಮೆಟ್ಟಿಲಿಳಿದರು.

ವಿಚಾರಣೆಗೆ ನಾಲ್ಕು ತಿಂಗಳು ಹಿಡಿಯಿತು. ಡಾಕ್ಟರಮ್ಮ ಕ್ರೇನಿನವನನ್ನು ಒಂಬತ್ತು ಸಲ ನೋಡಿದರು. ಆಸ್ಪತ್ರೆಯಲ್ಲಿ, ಮನೆಯಲ್ಲಿ, ಬಂದರಿನಲ್ಲಿ. ಅವನು ಹೇಳಿದ್ದನ್ನೆಲ್ಲ ಬರೆದುಕೊಳ್ಳಲು ಗುಮಾಸ್ತನನ್ನೇ ಜೊತೆಗೆ ಕರೆದೊಯ್ದರು. ತಪ್ಪು ಮಾಡಿದವನು ಎದುರಿಗೆ ಕೂತರೆ ನಡೆಯುತ್ತದೆಯೇ ಎಂದು ಮೊದಲೇ ಕ್ರೇನಿನವನನ್ನು ಕೇಳಿ ಒಪ್ಪಿಗೆ ಪಡೆದಿದ್ದರು. ಗುಮಾಸ್ತ ತಾನು ಮಾಡಿದ್ದನ್ನು ತಾನೇ ಹೇಳಿ ಕ್ಷಮೆ ಕೇಳಿದಾಗ ಕ್ರೇನಿನವನು ಆ ಹಾಳೆಯನ್ನು ಅಕ್ಕನ ಕೈಗೆ ಕೊಟ್ಟ. ಅಕ್ಕ ಅಂದಳು: "ಅಕ್ಷರ ಮಾತ್ರ ಚೆನ್ನಾಗಿದೆ. ಹಾಳಾಗಿದ್ದಿದ್ರೆ ಯಾರಿಗೂ ಓದೋಕಾಗ್ತಿರಲಿಲ್ಲ, ನಮ್ಮ ಪುಣ್ಯ ಅಷ್ಟಿಲ್ಲ."

ಬಂದರಿಗೆ ಹೋದ ದಿನ ಗಾಳಿ ಜೋರಾಗಿತ್ತು. ಬೇರೆ ಯಾರೋ ನಡೆಸುತ್ತಿದ್ದ ಕ್ರೇನನ್ನು ಕೆಳಗಿನಿಂದ ನೋಡುತ್ತ ಮೂವರೂ ಒಂದು ಮರದ ಪೆಟ್ಟಿಗೆಯ ಮೇಲೆ ಕುಳಿತರು. ಡಾಕ್ಟರಮ್ಮ ಕೇಳಿದ್ದೆಲ್ಲ ಸಣ್ಣ ಸಣ್ಣ ಪ್ರಶ್ನೆಗಳು. ಯಾವ ಹೊತ್ತಿನಲ್ಲಿ ಕೇಳುತ್ತದೆ? ಬೇರೆಯವರಿಗೂ ಕೇಳಿಸುತ್ತದೆ ಎನಿಸುತ್ತದೆಯೇ? ಬೈಯುತ್ತದೆಯೇ, ಅಪ್ಪಣೆ ಮಾಡುತ್ತದೆಯೇ? ಕೇಳಿಸಿದಾಗ ಕೈ ನಿಲ್ಲುತ್ತದೆಯೇ?

"ಏನು ಹೇಳ್ತಾನೆ ನಿಮ್ಮ ಜೋಡಿ?"

"ನಿಧಾನ, ನಿಧಾನ, ಅಂತಾನೆ. ಹದಿನೇಳು ವರ್ಷ ಅದನ್ನೇ ಹೇಳ್ದ. ಸರಕು ನೆಲಕ್ಕೆ ಒಂದಾಳು ಎತ್ತರ ಇದ್ದಾಗ."

"ನೀವು ಉತ್ತರ ಕೊಡ್ತೀರಾ?"

ಅವನು ಮೇಲೆ ನೋಡುತ್ತಲೇ ತಲೆಯಾಡಿಸಿದ. "ಇಲ್ಲ ಡಾಕ್ಟರಮ್ಮ. ಅವನು ಇಲ್ಲ ಅಂತ ಗೊತ್ತು ನನಗೆ. ಹೆಣ ಹೊತ್ತೋನು ನಾನೇ. ಉತ್ತರ ಕೊಟ್ರೆ ಅವನು ಸತ್ತಿಲ್ಲ ಅಂತ ಆಗುತ್ತಲ್ಲ."

ಗುಮಾಸ್ತನ ಪೆನ್ನು ನಿಂತಿತು. ಡಾಕ್ಟರಮ್ಮ, "ಅದನ್ನ ಬರ್ಕೊಳ್ಳಿ, ಅವರು ಹೇಳಿದ ಹಾಗೇ," ಎಂದರು.

ಬಂದರಿನ ಆಡಳಿತದವರ ಮುಂದೆ ಡಾಕ್ಟರಮ್ಮ ಓದಿದ ವರದಿ ಎರಡೂವರೆ ಪುಟದ್ದು. ತೀರಿಹೋದ ಆಪ್ತರ ದನಿ ಕೇಳಿಸುವುದು ದುಃಖದಲ್ಲಿರುವ ಆರೋಗ್ಯವಂತರಿಗೂ ಆಗುವ ಅನುಭವವೆಂದೂ, ಈ ಮನುಷ್ಯನ ಯೋಚನೆ, ಕೈಚಳಕ, ಮನೆಯ ನಡವಳಿಕೆ ಯಾವುದೂ ಕೆಟ್ಟಿಲ್ಲವೆಂದೂ, ಆ ದನಿಯನ್ನು ಅವನು ಹೊರಗಿನದೆಂದು ನಂಬುವುದಿಲ್ಲವೆಂದೂ, ತಾವು ಮೊದಲು ಊಹಿಸಿದ ಹೆಸರು ಅವನಿಗೆ ಹೊಂದುವುದಿಲ್ಲವೆಂದೂ ಅದರಲ್ಲಿತ್ತು. ಊಹೆ ತಮ್ಮದೇ ಎಂದು ಹೇಳುವಾಗ ಅವರ ದನಿ ತಗ್ಗಲಿಲ್ಲ. ಸರಕು ವಿಭಾಗದ ವ್ಯವಸ್ಥಾಪಕರು, "ನಾಳೆ ಅವನ ತಲೇಲಿ ಏನಾದ್ರೂ ಆದ್ರೆ ಹೊಣೆ ನಿಮ್ಮದಾ?" ಎಂದು ಕೇಳಿದರು.

"ನಾಳೆ ಯಾರ ತಲೇಲಿ ಏನಾಗುತ್ತೆ ಅಂತ ನಾನು ಹೇಳಲಾರೆ. ನಿಮ್ಮ ತಲೆ, ನನ್ನ ತಲೆ ಎರಡೂ ಸೇರಿ. ಇವತ್ತು ಅವರು ಹೇಗಿದ್ದಾರೆ ಅಂತ ನೋಡಿದ್ದೀನಿ. ಅಷ್ಟಕ್ಕೆ ನಾನು ಹೊಣೆ."

ಹನ್ನೊಂದು ದಿನದ ನಂತರ ಅಪ್ಪಣೆ ಬಂತು. ಮೊದಲ ಮೂರು ತಿಂಗಳು ಪಕ್ಕದಲ್ಲಿ ಇನ್ನೊಬ್ಬ ಚಾಲಕ ಇರಬೇಕೆಂಬ ಷರತ್ತು ಹಾಕಿದ್ದರು. ಡಾಕ್ಟರಮ್ಮ ಅದು ಸರಿಯಾದ ಷರತ್ತೇ ಎಂದರು. ಅವನು ಏಣಿ ಹತ್ತಿದ ಬೆಳಿಗ್ಗೆ ಅಕ್ಕ ಗೇಟಿನ ಹೊರಗೆ ನಿಂತಿದ್ದಳಂತೆ. ಕೆಳಗಿಳಿಯುವವರೆಗೂ ಅಲ್ಲಿಂದ ಅಲುಗಾಡಲಿಲ್ಲವಂತೆ.

ಉಳಿದ ಹಾಳೆಗಳ ಕೆಲಸ ಎರಡು ವರ್ಷ ನಡೆಯಿತು. ಶಾಯಿಯ ಅಡಿಯಲ್ಲಿ ಪೆನ್ಸಿಲು ಒತ್ತಿದ ಗುರುತು ಇರುತ್ತದೆ; ಹಾಳೆಯನ್ನು ಓರೆಯಾಗಿ ಹಿಡಿದರೆ ಒರೆಸಿದ ಚಿಹ್ನೆಯೂ ಕಾಣುತ್ತದೆ. ಗುಮಾಸ್ತ ಆ ನೆಲಮಾಳಿಗೆಯ ಕಿಟಕಿಯ ಕೆಳಗೆ ನಿಂತು ಇನ್ನೂರ ನಲವತ್ತು ಹಾಳೆಗಳಲ್ಲಿ ಅದನ್ನು ಹುಡುಕಿ ತೆಗೆದ. ಪ್ರತಿ ಗುರುವಾರ ಮಧ್ಯಾಹ್ನ ಡಾಕ್ಟರಮ್ಮ ಆ ಜನರನ್ನು ಒಬ್ಬೊಬ್ಬರಾಗಿ ಕರೆಸಿ ಮತ್ತೆ ಕೇಳಿದರು. ಕೆಲವರಿಗೆ ಊಹಿಸಿದ ಕಾಯಿಲೆಯೇ ಇತ್ತು. ಅವರಿಗೆ ಅದನ್ನು ನೇರವಾಗಿ ಹೇಳಿ ಚಿಕಿತ್ಸೆ ಮುಂದುವರಿಸಿದರು. ಕೆಲವರಿಗೆ ಬೇರೆಯದಿತ್ತು. ಕೆಲವರು ಬರಲೇ ಇಲ್ಲ, ಇಬ್ಬರು ತೀರಿಕೊಂಡಿದ್ದರು. ಅವರ ಹಾಳೆಯನ್ನೂ ಡಾಕ್ಟರಮ್ಮ ತಿದ್ದಿಸಿದರು. ಆಮೇಲೆ ಆಸ್ಪತ್ರೆಯ ಅಚ್ಚಿನ ನಮೂನೆಯೇ ಬದಲಾಗಿ, 'ರೋಗದ ಹೆಸರು' ಎಂಬಲ್ಲಿ 'ಸದ್ಯದ ಊಹೆ, ದಿನಾಂಕ' ಎಂದು ಬಂತು. ಈಗ ಕೆಲಸಕ್ಕೆ ಸೇರುವ ವೈದ್ಯರಿಗೆ ಅದು ಮೊದಲಿನಿಂದಲೂ ಹಾಗೇ ಇತ್ತೆಂಬ ನಂಬಿಕೆ. ಗುಮಾಸ್ತ ಎರಡನೆಯ ಸಲ ಪರೀಕ್ಷೆ ಬರೆದು, ಹೆಚ್ಚೇನೂ ಅಲ್ಲದ ಅಂಕಗಳಲ್ಲಿ ಪಾಸಾದ. ಕಾಂಪೌಂಡರ್, "ಇನ್ನೊಂದ್ಸಲ ಬರೆದ್ರೆ ರ‍್ಯಾಂಕ್ ಬರುತ್ತೆ" ಎಂದರು.

ಈ ಲೇಖನಕ್ಕೆ ಅನುಮತಿ ಕೇಳಲು ಗುಮಾಸ್ತ ಹೋದ ತಿಂಗಳು ಕ್ರೇನಿನವನ ಮನೆಗೆ ಹೋಗಿದ್ದ. ಅವನ ತಲೆ ನೆರೆತಿದೆ. ಈಗ ಹೊಸಬರಿಗೆ ಕ್ರೇನು ಕಲಿಸುತ್ತಾನೆ. ಅಕ್ಕ ಬಾಗಿಲಲ್ಲೇ, "ಬಂದ್ರಾ ಮುತ್ತಿನ ಅಕ್ಷರದೋರು, ಒಳಗೆ ಬನ್ನಿ, ಪೆನ್ನು ಹೊರಗಿಡಿ" ಎಂದಳು. ಬರೆದದ್ದನ್ನು ಓದಿಸಿ ಕೇಳಿ, ಒಂದೆರಡು ಕಡೆ ತಿದ್ದಿಸಿ, ಅವನು ಒಪ್ಪಿಗೆ ಕೊಟ್ಟ. ಗುಮಾಸ್ತ ಎದ್ದು ನಿಂತವನು, ಜೋಡಿಯ ದನಿ ಈಗಲೂ ಕೇಳಿಸುತ್ತದೆಯೇ ಎಂದು ಕೇಳಿದ.

"ಇಲ್ಲ. ಮತ್ತೆ ಹತ್ತಿದ ವರ್ಷಾನೇ ನಿಂತೋಯ್ತು," ಎಂದ ಅವನು. "ಎಲ್ರೂ ಒಳ್ಳೇದಾಯ್ತು ಅಂದ್ರು. ಅಕ್ಕಾನೂ ಅಂದ್ಲು. ಡಾಕ್ಟರಮ್ಮನಿಗೆ ಹೇಳ್ದಾಗ ಅವರು 'ಬೇಜಾರಾಯ್ತಾ?' ಅಂತ ಕೇಳಿದ್ರು. ಅವರೊಬ್ರೇ ಕೇಳಿದ್ದು."

ಹಾಗೆ ಕೇಳಬಲ್ಲವರು ನಮ್ಮ ನಡುವೆ ಇನ್ನೂ ಬಹಳ ವರ್ಷ ಇರಲಿ. ನಿವೃತ್ತಿಯ ನಂತರವೂ ಬಟ್ಟೆ ಮಡಿಸುವ ಕೋಣೆಯ ಸಂಜೆಯ ಪಾಠವನ್ನು ನಡೆಸಲು ಡಾಕ್ಟರಮ್ಮ ಒಪ್ಪಿದ್ದಾರೆಂಬ ಸುದ್ದಿ ನಿಜವಾಗಲಿ. ಅವರ ಕಣ್ಣು ಕಿವಿ ಚುರುಕಾಗಿರಲಿ, ಮೊಣಕಾಲಿನ ನೋವು ಮೆಟ್ಟಿಲುಗಳಿಗೆ ಅಡ್ಡಿಯಾಗದಿರಲಿ. ಅವರಿಗೆ ದಣಿವಾದ ದಿನ, 'ನಿಮಗೆ ಹೇಗಿದೆ?' ಎಂದು ಕೇಳಿ ಉತ್ತರ ಪೂರ್ತಿಯಾಗುವವರೆಗೆ ಪಕ್ಕದಲ್ಲಿ ಕೂರುವವರು ಅವರಿಗೂ ಸಿಗಲಿ.